ಇಬ್ಬರಿಗೆ ಹೇಳಿ

ಲೆಕ್ಕದ ಮೇಷ್ಟ್ರು ನಿವೃತ್ತರಾಗಿದ್ದರು. ಅವರ ಬಾಯಿ ಮಾತ್ರ ಇನ್ನೂ ನೌಕರಿಯಲ್ಲೇ ಇತ್ತು. ಹೆಂಡತಿಯ ಮುದ್ದಿನ ಬೆಕ್ಕು ಬೆಳಗ್ಗೆಯಿಂದ ಕಾಣೆ. ಆಕೆ ಕಣ್ಣೊರೆಸಿಕೊಂಡು ಹುಡುಕಲು ಹೊರಟರೆ ಇವರು ಬಾಗಿಲಿಗೆ ಅಡ್ಡ ನಿಂತರು.

"ಬೀದಿ ಸುತ್ತೋದು ದಡ್ಡರ ಕೆಲಸ ಕಣೇ! ಕೂತಲ್ಲಿಂದಲೇ ಸಂಜೆಯೊಳಗೆ ತರಿಸ್ತೀನಿ. ನಾನು ಇಬ್ಬರಿಗೆ ಹೇಳ್ತೀನಿ, ಅವರು ತಲಾ ಇಬ್ಬರಿಗೆ. ಎರಡು ನಾಲ್ಕು, ನಾಲ್ಕು ಎಂಟು... ಹತ್ತನೇ ಸುತ್ತಿಗೆ ಸಾವಿರ ದಾಟುತ್ತೆ!"

"ಮನೆಯೆಲ್ಲಾ ನೋಡಿದೆ, ನಿಮ್ಮ ಕಪಾಟೊಂದು ಬಿಟ್ಟು. ಅದನ್ನೊಮ್ಮೆ ತೆಗೀರಿ ಅಂದ್ರೆ..."

"ನನ್ನ ಕೋಟು ಇರೋ ಕಪಾಟಿಗೆ ಬೆಕ್ಕು ಕಾಲಿಡೋದುಂಟೇ? ಸುಮ್ನಿರು!"

ಎದುರುಮನೆ ಟೈಲರಿಗೂ ಮೂಲೆಮನೆ ನರ್ಸಮ್ಮನಿಗೂ ಫೋನು ಹೋಯಿತು. ಬೂದು ಬೆಕ್ಕು, ಬಾಲದ ತುದಿ ಬಿಳಿ, ಕಂಡರೆ ಹಿಡಿದು ತನ್ನಿ, ಇಬ್ಬರಿಗೆ ಹೇಳಿ, ಅವರೂ ಇಬ್ಬರಿಗೆ ಹೇಳಲಿ! ಯಾವಾಗ ನಿಲ್ಲಿಸಬೇಕೆಂದು ಮಾತ್ರ ಹೇಳಲಿಲ್ಲ. ಜನ್ಮವೆಲ್ಲಾ ಗುಣಿಸಿದವರಿಗೆ ಬ್ರೇಕು ಎಲ್ಲಿಂದ ನೆನಪಾಗಬೇಕು?

ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಬರಲಿಲ್ಲ.

"ಎಲ್ರೀ ನಿಮ್ಮ ಸಾವಿರ?"

"ದುಪ್ಪಟ್ಟಾಗೋದು ಅಂದ್ರೆ ಹಾಗೇ. ಮೊದಲು ಆಮೆ, ಆಮೇಲೆ ಕುದುರೆ!"

ಕುದುರೆ ಬರಲಿಲ್ಲ. ಬೆಕ್ಕುಗಳು ಬಂದವು.

ಬಾಯಿಂದ ಬಾಯಿಗೆ ಹಾರುವಾಗ ಬೂದು ಬಣ್ಣ ಉದುರಿತ್ತು, ಬಿಳಿ ಬಾಲ ಕಳಚಿತ್ತು. ಉಳಿದದ್ದು 'ಬೆಕ್ಕು' ಮತ್ತು 'ಮೇಷ್ಟ್ರ ಮನೆ' ಮಾತ್ರ. ಕರಿಯದು, ಕೆಂಚು, ಒಕ್ಕಣ್ಣಿನದು, ಮೂರು ಕಾಲಿನದು! ಚೀಲದಲ್ಲಿ, ಬುಟ್ಟಿಯಲ್ಲಿ, ಒಬ್ಬ ಪುಣ್ಯಾತ್ಮನ ಹೆಲ್ಮೆಟ್ಟಿನಲ್ಲಿ! ಮನೆಯ ಪೀಡೆ ತೊಲಗಿಸಲು ಕಾಯುತ್ತಿದ್ದವರಿಗೆಲ್ಲ ಅಂದು ಪರೋಪಕಾರ ಉಕ್ಕಿ ಬಂದಿತ್ತು. ಬೆಕ್ಕು ತಂದವರ ಸಾಲು ಮೆಟ್ಟಿಲಿಳಿದು, ಬೀದಿ ತಿರುಗಿ, ಬಸ್ ನಿಲ್ದಾಣ ಮುಟ್ಟಿತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಏನೋ ಹಂಚುತ್ತಿದ್ದಾರೆಂದು ಸೇರಿಕೊಂಡರು.

ಸೋಫಾ ಪರಚಿಹೋಯಿತು, ಪರದೆ ಹರಿದು ಬಿತ್ತು, ಮೇಷ್ಟ್ರ ಕನ್ನಡಕ ಯಾವುದೋ ಬೆಕ್ಕಿನ ಪಾಲಾಯಿತು. ಮಾನ ಮುಚ್ಚಿಕೊಂಡು ಹಿಂಬಾಗಿಲಿನಿಂದ ಓಡೋಣವೆಂದು, ಕೋಟು ತೆಗೆಯಲು ಕಪಾಟು ತೆರೆದರು. ಕೋಟಿನ ಮೇಲೆ ಬೂದು ಬೆಕ್ಕು ಮಹಾರಾಣಿಯಂತೆ ಮಲಗಿತ್ತು. ಮಗ್ಗುಲಲ್ಲಿ ನಾಲ್ಕು ಮರಿ!

"ಅಯ್ಯೋ ನನ್ನ ಕಂದಾ!" ಹೆಂಡತಿ ಅಲ್ಲೇ ಕೂತುಬಿಟ್ಟರು. ಆಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದು ಐದಾಗಿದೆ. ನಿಮ್ಮ ಲೆಕ್ಕಕ್ಕಿಂತ ಇವಳದೇ ಜೋರು" ಎಂದರು.

ಮೇಷ್ಟ್ರು ಕಿಟಕಿಯಿಂದ ಟೈಲರನ್ನು ಕೂಗಿದರು. "ಬೆಕ್ಕು ಸಿಕ್ಕಿತು ಮಾರಾಯ! ಇಬ್ಬರಿಗೆ ಹೇಳು!"

"ಕಳೆದುಹೋಯ್ತು ಅಂದ್ರೆ ಜನ ಕಿವಿ ಕೊಡ್ತಾರೆ ಸಾರ್. ಸಿಕ್ಕಿತು ಅಂದ್ರೆ 'ಸಂತೋಷ' ಅಂತ ಫೋನ್ ಇಡ್ತಾರೆ!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಷ್ಟ್ರು ಕೇಳಿಸಿಕೊಂಡರು, ಹ್ಞೂಂ ಅಂದರು, ಜೋಲುಮೋರೆ ಹಾಕಿಕೊಂಡು ಕೆಳಗಿಟ್ಟರು.

"ಯಾರಂತೆ?"

"ಯಾರೋ ಅಪರಿಚಿತರು. ಬೆಕ್ಕಿನ ಹೆಸರಲ್ಲಿ ಯಾರೋ ಲೆಕ್ಕದ ಮೇಷ್ಟ್ರು ಊರನ್ನೇ ಎಬ್ಬಿಸಿದಾನಂತೆ. ತಲೆ ಕೆಟ್ಟಿದೆಯಂತೆ ಅವನಿಗೆ. ನಾನೂ ಇಬ್ಬರಿಗೆ ಹೇಳಬೇಕಂತೆ."

ಹೆಂಡತಿ ಮರಿಗಳ ಮೇಲಿಂದ ಕಣ್ಣೆತ್ತಲಿಲ್ಲ.

"ನನ್ನನ್ನ ಲೆಕ್ಕಕ್ಕೆ ಹಿಡೀಬೇಡಿ. ನನಗೆ ಮೊದಲೇ ಗೊತ್ತಿತ್ತು. ಬೇರೆ ಇಬ್ಬರನ್ನ ನೋಡ್ಕೊಳ್ಳಿ!"