ಕೂಸಿನ ಬಾಟಲಿ, ಅಪ್ಪನ ಶುಚಿತ್ವ

ಶುಚಿತ್ವದ ಹುಚ್ಚು ಹಿಡಿದವರನ್ನು ಕಂಡರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಆ ಹುಚ್ಚು ನನಗೇ ಹಿಡಿದ ಮೇಲೆ ಗೊತ್ತಾಯಿತು, ಅದರಲ್ಲಿ ಎಂಥ ಸುಖವಿದೆ ಅಂತ. ಮನೆಮಂದಿಯನ್ನೆಲ್ಲ ಬೈಯಬಹುದು; ಬೈಸಿಕೊಂಡವರು ತಿರುಗಿ ಮಾತಾಡುವ ಹಾಗಿಲ್ಲ. ಘಟಪ್ರಭಾದ ಸಾಲೆಯಲ್ಲಿ ಆರೋಗ್ಯದ ಪಾಠ ಹೇಳುವ ಮಾಸ್ತರನಾದ ನನಗೆ ಈ ಸುಖ ಸಿಕ್ಕಿದ್ದು ಮಗಳು ಇನ್ನೂ ಮೊಲೆಗೂಸಾಗಿದ್ದಾಗ. ಹೆಂಡತಿ ವಿಷಮಜ್ವರದಿಂದ ಆಸ್ಪತ್ರೆ ಸೇರಿದಳು, ಕೂಸಿಗೆ ಬಾಟಲಿ ಹಾಲೇ ಗತಿಯಾಯಿತು.

ಅಲ್ಲಿನ ನರ್ಸಬಾಯಿ ದೋಣಿಯ ಹಾಗಿರುವ, ಎರಡೂ ತುದಿಗೆ ಬಾಯಿರುವ ಗಾಜಿನ ಬಾಟಲಿಯನ್ನೂ ರಬ್ಬರಿನ ತೊಟ್ಟನ್ನೂ ನನ್ನ ಕೈಗಿಟ್ಟು, "ಮಾಸ್ತರ, ಕೂಸು ಹಾಲು ಕುಡದ ಕೂಡ್ಲೆ ತಣ್ಣೀರಾಗ ತೊಳೀರಿ. ಆಮ್ಯಾಲ ಸಬಕಾರ ಹಚ್ಚಿ ಒಳಗೆಲ್ಲ ತಿಕ್ರಿ. ಪಾತೇಲಿ ಬುಡಕ ಅರಿವಿ ಹಾಸಿ, ತಣ್ಣೀರಾಗ ಇಟ್ಟು ಕುದಸ್ರಿ. ಕುದಿಯೋ ನೀರಾಗ ಒಗದ್ರ ಗಾಜು ಸೀಳತೈತಿ ನೋಡ್ರಿ" ಎಂದಳು. ಕೂಸು ಸೊರಗಿದರೆ ಘೋಡಗೇರಿಗೆ ಕಳಿಸಬೇಕೆಂದೂ ಸೇರಿಸಿದಳು. ಅಲ್ಲಿ ನನ್ನ ಹೆಂಡತಿಯ ಅಕ್ಕನಿಗೂ ಮೊಲೆಗೂಸಿತ್ತು. ಹಾಸಿಗೆಯಲ್ಲಿದ್ದ ಹೆಂಡತಿ, "ನಾ ಬರೂತನಕ ಮನಿಯಾಗ ಇಟ್ಕೊಳ್ರಿ" ಎಂದಳು. ಹೂಂ ಎಂದು ನಾನು ಬಾಟಲಿ ಹಿಡಿದು ಮನೆಗೆ ನಡೆದೆ.

ಅಂದಿನಿಂದ ಅಡುಗೆಮನೆ ನನ್ನದಾಯಿತು. ಸಾರು ಕುದಿಸಲು ಒಲೆ ಸಿಗದೆ ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು. ಕುದಿಸಿದ ಬಾಟಲಿಯನ್ನು ಅವಳು ಸೆರಗಿನಿಂದ ಒರೆಸಲು ಬಂದರೆ ನಾನು ಹೌಹಾರುತ್ತಿದ್ದೆ. ಯಾರ ಕಣ್ಣೂ ಬೀಳಬಾರದೆಂದು ಅವಳು ಬಾಟಲಿಗೆ ಕಾಡಿಗೆಯ ಬೊಟ್ಟಿಟ್ಟ ದಿನ ಅದನ್ನು ಮತ್ತೊಮ್ಮೆ ಕುದಿಸಿದೆ.

"ನಿನಗ ಒಳಲ್ಯಾಗ ಹಾಲ ಹಾಕಿ ಬೆಳಿಸೇನಿ. ಏನ್ ಕುದಿಸಿದ್ನೆಪಾ ನಾ?" ಎಂದಳು ಅವ್ವ.

"ಅದಕ್ಕ ನಾ ಹಿಂಗಾಗೇನಿ" ಎಂದೆ.

ಕೂಸಿನ ಹೊಟ್ಟೆಯೇನೋ ಕೆಡಲಿಲ್ಲ. ಆದರೆ ಸೀನು ಶುರುವಾಯಿತು. ಬಾಟಲಿಗೆ ಬಾಯಿ ಹಚ್ಚಿದರೆ ಆಕ್ಷೀ! ಆಮೇಲೆ ತೊಟ್ಟು ಬಿಟ್ಟು ಅಳು. ನೆಗಡಿಯೆಂದು ಅವ್ವ ಅಜವಾನದ ಗಂಟು ಮೂಸಿಸಿದಳು, ನಾನು ಇನ್ನಷ್ಟು ಹೊತ್ತು ಕುದಿಸಿದೆ. ರಬ್ಬರು ಹಳೆ ಚಪ್ಪಲಿಯ ಹಾಗಾಯಿತು; ಹೊಸದು ತಂದೆ. ಸೀನು ನಿಲ್ಲಲಿಲ್ಲ, ಹಾಲು ಅರ್ಧಕ್ಕರ್ಧ ಉಳಿಯತೊಡಗಿತು. ಎಚ್ಚರವಿದ್ದರೂ ನಿದ್ದೆಯಲ್ಲಿದ್ದರೂ ನನಗೆ ಘೋಡಗೇರಿಯ ದಾರಿಯೇ ಕಾಣುತ್ತಿತ್ತು. ಸೋತು ನರ್ಸಬಾಯಿಯನ್ನು ಮನೆಗೆ ಕರೆತಂದೆ.

ಅವಳು ನೋಡುತ್ತ ಕೂತಳು, ಅವ್ವ ಬಾಜೂ ನಿಂತಳು. ನಾನು ತೊಳೆದೆ, ತಿಕ್ಕಿದೆ, ಕುದಿಸಿದೆ. ಪರೀಕ್ಷೆಗೆ ನಿಂತ ಹುಡುಗನಂತೆ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಬಾಟಲಿ ಆರುವವರೆಗೆ ಸುಮ್ಮನೆ ಕೂಡಲಾರದೆ, ಅಭ್ಯಾಸಬಲದಿಂದ ಕಿಸೆಯ ತಪಕೀರಿನ ಡಬ್ಬಿ ತೆಗೆದು, ನಿಪ್ಪಾಣಿ ತಂಬಾಕಿನ ಆ ಘಾಟು ಪುಡಿಯನ್ನು ಒಂದು ಚಿಟಿಕೆ ಮೂಗಿಗೇರಿಸಿದೆ. ಅದೇ ಎರಡು ಬೆರಳಿನಿಂದ ತೊಟ್ಟನ್ನು ಎತ್ತಿ ಬಾಟಲಿಗೆ ಸಿಕ್ಕಿಸಿ, ಹಾಲು ತುಂಬಿ, ಕೂಸಿನ ಬಾಯಿಗಿಟ್ಟೆ.

ಆಕ್ಷೀ!

ನರ್ಸಬಾಯಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವ್ವ ಮಾತ್ರ ನಗಲಿಲ್ಲ. ಒಲೆಯ ಕಡೆ ಕೈ ಮಾಡಿ, "ಬಾಟ್ಲಿ ಕುದಿಸಿದಿ, ರಬ್ಬರ ಕುದಿಸಿದಿ. ನೀರು ಇನ್ನೂ ಬಿಸಿ ಐತೆಪಾ. ಆ ಎರಡ ಬೆರಳ ಅದ್ದು ಬಾ" ಎಂದಳು.

ಅಂದಿನಿಂದ ಬಾಟಲಿ ಅವ್ವನ ವಶವಾಯಿತು. ನರ್ಸಬಾಯಿ ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದಳು, ನಾನು ಕಟ್ಟಿಗೆ ಒಡೆದುಕೊಟ್ಟೆ. ಘೋಡಗೇರಿಯ ಮಾತು ಮತ್ತೆ ಬರಲಿಲ್ಲ. ಹೆಂಡತಿ ಮನೆಗೆ ಬಂದ ದಿನ ನಾನು ಮೊಣಕೈವರೆಗೆ ಸಬಕಾರ ಹಚ್ಚಿ ತೊಳೆದುಕೊಂಡು, ದುಂಡಗಾಗಿದ್ದ ಮಗಳನ್ನು ಎತ್ತಿ ಅವಳಿಗೆ ತೋರಿಸಿದೆ. ಸಂತೋಷ ತಡೆಯಲಾಗದೆ ಕೂಸಿನ ಗಲ್ಲಕ್ಕೊಂದು ಮುದ್ದು ಕೊಟ್ಟೆ. ಮೀಸೆ ತೊಳೆಯುವುದು ಮರೆತಿತ್ತು. ಆಕ್ಷೀ!

"ಅಯ್ಯ, ಕೂಸಿಗೆ ನೆಗಡಿ ಆಗೈತೇನ್ರಿ?" ಎಂದು ಹೆಂಡತಿ ಗಾಬರಿಯಾದಳು. ಅವ್ವ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.