ಏಳನೆಯ ವಿಮಾನದ ಹಗುರ ಪ್ರಯಾಣಿಕ

ಎಲ್ಲ ಫಜೀತಿಗೂ ಮೂಲ ಒಂದು ಹಂದಿಮಾಂಸದ ಕಡುಬು.

ಶೆಪ್ಪಿ ದ್ವೀಪದ ಕಾರ್ಡಿಂಗ್ಲಿ ವಿಮಾನ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಸೆಪ್ಟಿಮಸ್ ಹೋಡ್ ಆ ಬೆಳಿಗ್ಗೆ ಬರೀ ಚಹಾ ಕುಡಿದು ಹೊರಡುವವನಿದ್ದ. ಮಧ್ಯಾಹ್ನ ಅವನು ಆಕಾಶಕ್ಕೆ ಹೋಗಬೇಕಿತ್ತು. ಅದು ೧೯೧೧ರ ಏಪ್ರಿಲ್. ಸೇನೆಯವರು ಕಾರ್ಖಾನೆಯ ಏಳನೆಯ ವಿಮಾನವನ್ನು ಪರೀಕ್ಷೆ ಮಾಡಲು ಬರುವವರಿದ್ದರು. ಚಾಲಕನ ಜೊತೆಗೆ ಇನ್ನೊಬ್ಬನನ್ನು ಕೂರಿಸಿಕೊಂಡು, ಇಗರ್ಜಿಯ ಗೋಪುರಕ್ಕೆ ಮೂರು ಸುತ್ತು ಹಾಕಿ, ಮುರಿಯದೆ ಇಳಿಯಬೇಕು ಎಂಬುದು ಷರತ್ತು. ಆ ಇನ್ನೊಬ್ಬ ಸರಿಯಾಗಿ ನೂರಿಪ್ಪತ್ತಾರು ಪೌಂಡು ತೂಗಬೇಕೆಂದು ಯಜಮಾನ ಕಾರ್ಡಿಂಗ್ಲಿ ಲೆಕ್ಕ ಕಟ್ಟಿದ್ದ. ನಲವತ್ತು ಜನ ಕೆಲಸಗಾರರಲ್ಲಿ ಆ ತೂಕಕ್ಕೆ ಸಿಕ್ಕವನು ಹೋಡ್ ಒಬ್ಬನೇ. ಮೊಳೆಗಳ ನಡುವೆ ಇದ್ದೂ ಇದ್ದೂ ಮೊಳೆಯ ಹಾಗೇ ಆಗಿದ್ದ.

"ಬರಿಹೊಟ್ಟೇಲಿ ಯಾರಾದ್ರೂ ಆಕಾಶಕ್ಕೆ ಹೋಗ್ತಾರೇನ್ರಿ?" ಎಂದು ಹೆಂಡತಿ ಲವಿನಿಯಾ ಕಡುಬನ್ನು ತಟ್ಟೆಗೆ ಜಾರಿಸಿದಳು. ಪಕ್ಕದಲ್ಲಿ ಎರಡು ಮೊಟ್ಟೆ.

"ಬೇಡ ಕಣೇ, ತೂಕ..."

"ಮೇಲೆ ಅಂಗಡಿ ಇದೆಯಾ? ಸುಮ್ನೆ ತಿನ್ನಿ. ಬೀದಿಗೆಲ್ಲಾ ಹೇಳಿಟ್ಟಿದೀನಿ, ನನ್ನ ಗಂಡ ಹಾರ್ತಾನೆ ಅಂತ. ನೀವು ತಲೆ ತಿರುಗಿ ಬಿದ್ರೆ ನಾನು ಮುಖ ಎಲ್ಲಿಡ್ಲಿ?"

ಹೋಡ್ ತಿಂದ. ಹೆಂಡತಿಯ ಮಾತಿಗೆ ಎದುರಾಡುವುದಕ್ಕಿಂತ ಗಾಳಿಗೆ ಎದುರು ಹಾರುವುದೇ ಸುಲಭ ಎಂದು ಅವನಿಗೆ ಹದಿನಾರು ವರ್ಷದಿಂದ ಗೊತ್ತಿತ್ತು.

ಕಾರ್ಖಾನೆಯ ಬಾಗಿಲಲ್ಲಿ ಬಡಗಿಗಳ ಮೇಸ್ತ್ರಿ ಉಡೆನ್ ಕಾಯುತ್ತಿದ್ದ. ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಕೈಯಲ್ಲಿ ಹಳೆಯ ಉಜ್ಜುಗೊರಡು.

"ಇದನ್ನ ಕೋಟಿನೊಳಗೆ ಇಟ್ಕೊ."

"ಯಾಕೆ ಮೇಸ್ತ್ರಿ?"

"ಒಂದ್ನೇದ್ರಿಂದ ಏಳ್ನೇದರ ತನಕ ಎಲ್ಲಾ ರೆಕ್ಕೆ ಕಡ್ಡೀನೂ ಇದರಲ್ಲೇ ಉಜ್ಜಿದ್ದು ಕಣಯ್ಯ. ಒಂದ್ಸಲ ಮೇಲೆ ಹೋಗಿ ಬರ್ಲಿ. ಇದಕ್ಕೂ ಒಂದು ಮರ್ಯಾದೆ ಬೇಡ್ವಾ?"

ಹೋಡ್ ಅದನ್ನು ಕೋಟಿನೊಳಗೆ ತೂರಿಸಿಕೊಂಡ. ಆ ಕಾರ್ಖಾನೆಯವರ ಅಭಿಮಾನವೇ ಹಾಗೆ. ಒಂದನೆಯ ವಿಮಾನ ನೆಲ ಬಿಡದೆ ಬಯಲಿನುದ್ದಕ್ಕೂ ಓಡಿ, ಕುರಿಗಳ ಹಿಂದೆ ಎರಡನೆಯ ಸ್ಥಾನದಲ್ಲಿ ಹಳ್ಳ ತಲುಪಿತ್ತು. ಎರಡನೆಯದು ಮೊಣಕಾಲೆತ್ತರ ಎದ್ದಿತ್ತು. ಮೂರನೆಯದಕ್ಕೆ ಎಡಕ್ಕೆ ತಿರುಗುವುದು ಮಾತ್ರ ಗೊತ್ತಿದ್ದುದರಿಂದ, ತಿರುಗೀ ತಿರುಗೀ ಕಾರ್ಖಾನೆಯ ಗೋಡೆ ಒಡೆದುಕೊಂಡು ಮನೆಗೆ ಬಂತು. ನಾಲ್ಕನೆಯದು ಹುಲ್ಲಿನ ಬಣವೆಯಲ್ಲಿ ಇಳಿಯಿತು. ನೀರಿನ ಮೇಲಿಂದ ಹಾರಬೇಕಿದ್ದ ಐದನೆಯದು ಎಷ್ಟು ಚೆನ್ನಾಗಿ ತೇಲಿತೆಂದರೆ ಬೆಸ್ತರು ಬಂದು ಬೆಲೆ ಕೇಳಿದರು. ಆರನೆಯದು ಮಾತ್ರ ನಿಜವಾಗಿ ಹಾರಿತು, ಒಬ್ಬನೇ ಚಾಲಕನನ್ನು ಹೊತ್ತು ಒಂದು ಮೈಲಿ. ಹೊರಗಿನವರು ನಕ್ಕರೆ ಇವರು, "ನಮ್ ಮೂರ್ನೇದು ಸ್ವಲ್ಪ ಹಟಮಾರಿ. ಆದ್ರೆ ಅದರ ಬಾಲ ನೋಡ್ಬೇಕಿತ್ತು ನೀವು!" ಎಂದು ಹೆತ್ತ ಮಕ್ಕಳ ಸುದ್ದಿ ಹೇಳುವಂತೆ ಹೇಳುತ್ತಿದ್ದರು.

ಉಜ್ಜುಗೊರಡಿನ ಸುದ್ದಿ ಹೊಲಿಗೆ ಕೋಣೆಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ರೆಕ್ಕೆಗೆ ಬಟ್ಟೆ ಹೊಲಿಯುವ ಹೆಂಗಸರ ಮುಖ್ಯಸ್ಥೆ ಮಿಸೆಸ್ ಫಿಲ್ಪಾಟ್ ಸೊಂಟದ ಮೇಲೆ ಕೈಯಿಟ್ಟು ಬಂದಳು.

"ಏನ್ ಮಿಸ್ಟರ್ ಹೋಡ್, ಬಡಗಿಗಳದ್ದು ಮಾತ್ರ ಹಾರೋದೋ? ನಾವು ಹೊಲಿದಿದ್ದು ದಿಂಬಿನ ಚೀಲಾನೋ?" ಎಂದು ಮೊಳದುದ್ದದ ಕತ್ತರಿಯನ್ನು ಅವನ ಸೊಂಟಪಟ್ಟಿಗೆ ಸಿಕ್ಕಿಸಿದಳು. ಅದು ಸಾಲದೆಂದು ಹನ್ನೊಂದು ಹೆಂಗಸರು ಸೇರಿ ಹೆಣೆದ ಉಣ್ಣೆಯ ಶಾಲು. ಅದು ಹೋಡ್‌ನ ಕುತ್ತಿಗೆಯನ್ನು ನಾಲ್ಕು ಸುತ್ತು ಸುತ್ತಿಯೂ ಮಂಡಿ ಮುಟ್ಟುತ್ತಿತ್ತು. ಕಮ್ಮಾರ ಒಂದು ಸುತ್ತಿಗೆ ತಂದ. ಬಣ್ಣದವನು ವಾರ್ನಿಷ್ ಡಬ್ಬಿ ತಂದ. ಇಂಜಿನ್ ಬಿಚ್ಚಿ ಜೋಡಿಸುವವನು, "ಭಾರ ಏನಿಲ್ಲ ಮಾರಾಯ" ಎನ್ನುತ್ತ ಒಂದು ಸವೆದ ಉಕ್ಕಿನ ಚಕ್ರವನ್ನು ಜೇಬಿಗೆ ಬಿಟ್ಟ. ಹೋಡ್ ಒಂದು ಕಡೆಗೆ ವಾಲಿದ.

ಹನ್ನೊಂದು ಗಂಟೆಗೆ ಕಾರ್ಡಿಂಗ್ಲಿ ಬಂದ. ತೂಕದ ವಿಷಯದಲ್ಲಿ ಅವನಿಗೆ ದೆವ್ವ ಹಿಡಿದಿತ್ತು. ವಿಮಾನದ ಸನ್ನೆಕೋಲುಗಳಿಗೆಲ್ಲ ತೂತು ಕೊರೆಸಿ ಹಗುರ ಮಾಡಿದ್ದವನು ತನ್ನ ಚಹಾದ ಚಮಚಕ್ಕೂ ತೂತು ಕೊರೆಸಿದ್ದನೆಂದು ಹೇಳುತ್ತಿದ್ದರು.

"ಹೋಡ್, ತಕ್ಕಡಿ ಹತ್ತು."

ಹೋಡ್ ತನ್ನದೇ ಉಗ್ರಾಣದ ತಕ್ಕಡಿಯನ್ನು ಗಣಗಣ ಸದ್ದು ಮಾಡುತ್ತ ಹತ್ತಿದ. ಮುಳ್ಳು ನೂರೈವತ್ತೊಂದಕ್ಕೆ ಹೋಗಿ ನಿಂತಿತು.

ಕಾರ್ಡಿಂಗ್ಲಿಯ ಮುಖ ಸೀಮೆಸುಣ್ಣವಾಯಿತು. "ರಾತ್ರಿ ಒಳಉಡುಪಿನಲ್ಲಿ ತೂಗಿದಾಗ ನೂರಿಪ್ಪತ್ತಾರಿದ್ದೆ! ಕುದುರೆ ನುಂಗಿದ್ಯೇನಯ್ಯಾ?"

"ಒಂದೇ ಒಂದು ಕಡುಬು ಸಾಹೇಬ್ರೇ."

ಉಜ್ಜುಗೊರಡು, ಕತ್ತರಿ, ಶಾಲು, ಸುತ್ತಿಗೆ, ಡಬ್ಬಿ, ಚಕ್ರ ಒಂದೊಂದೇ ಹೊರಬಂದವು. ಕೊಟ್ಟವರೆಲ್ಲ ಬೇರೆ ಕಡೆ ನೋಡಿದರು. ಇನ್ನೂ ನೂರಮೂವತ್ತೇಳು. ಕೋಟು ಹೋಯಿತು, ಬೂಟು ಹೋಯಿತು, ಷರಾಯಿಯೂ ಹೋಯಿತು. ಹೆಂಗಸರು ಗೋಡೆಯ ಕಡೆಗೆ ತಿರುಗಿದರು. ಉಣ್ಣೆಯ ಒಳಉಡುಪಿನಲ್ಲಿ ನಿಂತ ಹೋಡ್ ನೂರಿಪ್ಪತ್ತೊಂಬತ್ತು ತೂಗಿದ.

"ಕಡುಬು ಮೂರು ಪೌಂಡು," ಎಂದ ಉಡೆನ್, ಗಂಭೀರವಾಗಿ.

"ಓಡ್ಸಿ ಅವನನ್ನ!" ಎಂದ ಕಾರ್ಡಿಂಗ್ಲಿ.

ಸಮುದ್ರದ ಕಡೆಯಿಂದ ಕೊರೆಯುವ ಗಾಳಿ. ಹೋಡ್ ಬಯಲಿನ ಸುತ್ತ ಓಡಿದ. ಇದೇನೋ ಹೊಸ ಜಾತಿಯ ನಾಯಿ ಎಂದುಕೊಂಡು ಕುರಿಗಳು ಚದುರಿದವು. ಪ್ರತಿ ಸುತ್ತಿಗೂ ಉಡೆನ್ ಚೂಪುದನಿಯಲ್ಲಿ, "ಇನ್ನು ಎರಡು ಪೌಂಡು! ನಮ್ ಮಾನ ನಿನ್ನ ಹೊಟ್ಟೇಲಿದೆ ಹೋಡ್!" ಎಂದು ಕೂಗುತ್ತಿದ್ದ. ಮಿಸೆಸ್ ಫಿಲ್ಪಾಟ್ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಓಡ್ರೀ, ಓಡ್ರೀ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಹನ್ನೆರಡನೆಯ ಸುತ್ತಿನಲ್ಲಿ ಹೋಡ್‌ಗೆ ಕಣ್ಣು ಕತ್ತಲಿಟ್ಟಿತು. ಆದರೂ ನಿಲ್ಲಲಿಲ್ಲ. ಏಳು ವಿಮಾನಗಳಿಗೆ ಒಂದೊಂದು ತಿರುಪನ್ನೂ ಎಣಿಸಿ ಕೊಟ್ಟವನು ಅವನು. ತಿರುಪುಗಳು ಕೂಡ ಹಾರಿ ಬಂದಿದ್ದವು. ಅವನೊಬ್ಬ ಮಾತ್ರ ಇದುವರೆಗೆ ಏಣಿಗಿಂತ ಮೇಲೆ ಹೋದವನಲ್ಲ.

ಕೊನೆಗೆ ತಕ್ಕಡಿಯ ಮುಳ್ಳು ನೂರಿಪ್ಪತ್ತಾರಕ್ಕೆ ಬಂದು ನಡುಗಿ ನಿಂತಾಗ ಇಡೀ ಕಾರ್ಖಾನೆ ಹೋ ಎಂದಿತು. ಕಾರ್ಡಿಂಗ್ಲಿ ಹೋಡ್‌ನ ಕೈ ಕುಲುಕಿ, "ಇನ್ನು ನೀರು ಕೂಡ ಕುಡೀಬೇಡ. ಜೋರಾಗಿ ಉಸಿರೂ ಎಳ್ಕೋಬೇಡ," ಎಂದ.

ಆಗಲೇ ಸೇನೆಯ ಮೋಟಾರು ಬಂದು ನಿಂತಿತು. ಮೊದಲು ಹೊಟ್ಟೆ, ಅದರ ಹಿಂದೆ ಪದಕಗಳು, ಆಮೇಲೆ ಕರ್ನಲ್ ಬ್ಲೆನ್‌ಕೋ ಇಳಿದರು. ಅವರು ಏಳನೆಯದರ ರೆಕ್ಕೆ ತಟ್ಟಿದರು, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು, "ಹೂಂ," ಎಂದರು. ಮಿಸೆಸ್ ಫಿಲ್ಪಾಟ್‌ಳ ಎದೆ ಎರಡಂಗುಲ ಉಬ್ಬಿತು.

"ಇವನ್ಯಾರು? ಹಾಸಿಗೆಯಿಂದ ಎದ್ದು ಬಂದ ಹಾಗಿದಾನೆ."

"ನಮ್ಮ ಪ್ರಯಾಣಿಕ, ಸರ್," ಎಂದ ಕಾರ್ಡಿಂಗ್ಲಿ ಹೆಮ್ಮೆಯಿಂದ.

"ಪ್ರಯಾಣಿಕನೇ? ನಾವು ಕಳಿಸಿದ ಕಾಗದ ಓದ್ಲಿಲ್ವೇನ್ರೀ ನೀವು? ನಾನು ಕೂತು ನೋಡದ ಗಾಡಿಯಲ್ಲಿ ನನ್ನ ಹುಡುಗ್ರನ್ನ ಕೂರಿಸಲ್ಲ. ಪ್ರಯಾಣಿಕ ನಾನೇ!"

ಎಲ್ಲರೂ ಒಮ್ಮೆಲೇ ಕರ್ನಲ್‌ರ ಹೊಟ್ಟೆಯ ಕಡೆ ನೋಡಿದರು.

"ಸರ್... ತಮ್ಮ ತೂಕ?" ಎಂದು ಕಾರ್ಡಿಂಗ್ಲಿ ಪಿಸುಗುಟ್ಟಿದ.

"ಇನ್ನೂರ ಹತ್ತು. ಊಟಕ್ಕೆ ಮುಂಚೆ. ಈಗ ಊಟ ಆಗಿದೆ."

ಕಾರ್ಡಿಂಗ್ಲಿ ಪೆನ್ಸಿಲ್ ಕಚ್ಚಿ ಅಂಗಿಯ ತೋಳಿನ ಮೇಲೆಯೇ ಲೆಕ್ಕ ಹಾಕಿದ. ಇಷ್ಟು ಭಾರಕ್ಕೆ ವಿಮಾನದ ಮೂತಿ ಕೆಳಗಾಗದಂತೆ, ಪ್ರಯಾಣಿಕ ಕೂರುವ ಮುಂದಿನ ಆಸನವನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕು. ಉಡೆನ್ ಮತ್ತು ಅವನ ಬಡಗಿಗಳು ಇಪ್ಪತ್ತು ನಿಮಿಷದಲ್ಲಿ ಸರಿಸಿ ಬಿಗಿದರು. ಒಳಉಡುಪಿನಲ್ಲೇ ನಿಂತು ತಿರುಪುಗಳನ್ನು ಎಣಿಸಿ ಕೊಟ್ಟವನು ಹೋಡ್. ಕರ್ನಲ್ ಕೂತಾಗ ಏಳನೆಯದು ಮುದಿ ಕುದುರೆಯಂತೆ ನಿಟ್ಟುಸಿರು ಬಿಟ್ಟಿತು.

ಚಾಲಕ ಹತ್ತಿದ, ಇಂಜಿನ್ ಗುಡುಗಿತು. ವಿಮಾನ ಓಡಿತು. ಕಾರ್ಡಿಂಗ್ಲಿ ಕಣ್ಣು ಮುಚ್ಚಿಕೊಂಡ. ಒಂದನೆಯದು ನಿಂತುಹೋದ ಹಳ್ಳ ಬಂತು, ಕುಪ್ಪಳಿಸಿ ದಾಟಿತು. ಬಣವೆ ಬಂತು. ಅದರ ಮೇಲೆ ಏಳನೆಯದು ಮೊಲದಂತೆ ನೆಗೆದು, ಮತ್ತೆ ಕೆಳಗೆ ಬರಲಿಲ್ಲ!

"ಎದ್ದಿತು!" ಎಂದು ಕಿರುಚಿದವನು ಉಡೆನ್. ಗೋಪುರಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು. ಬಿಸಿಲಿಗೆ ರೆಕ್ಕೆಯ ಬಟ್ಟೆ ಬೆಣ್ಣೆಯ ಬಣ್ಣಕ್ಕೆ ಹೊಳೆಯಿತು. ನಲವತ್ತು ಜನ ಕತ್ತೆತ್ತಿ ನಿಂತು, ಇದು ನನ್ನ ಕಡ್ಡಿ, ಅದು ನನ್ನ ಹೊಲಿಗೆ ಎಂದು ತೋರಿಸಿ ತೋರಿಸಿ ಅತ್ತರು. ಹೋಡ್ ಚಳಿಗೆ ಹಲ್ಲು ಕಡಿಯುತ್ತಲೇ, "ನಾನೂರ ಹನ್ನೆರಡು ತಿರುಪು. ಒಂದೂ ಬಿದ್ದಿಲ್ಲ," ಎಂದ. ತನ್ನ ಜಾಗದಲ್ಲಿ ಇನ್ನೊಬ್ಬ ಕೂತದ್ದು ಆ ಗಳಿಗೆಯಲ್ಲಿ ಅವನಿಗೆ ಮರೆತೇಹೋಗಿತ್ತು.

ಏಳನೆಯದು ಮುರಿಯದೆ ನೆಲ ಮುಟ್ಟಿತು. ಕರ್ನಲ್ ಇಳಿದಾಗ ಮೀಸೆ ಹಿಂದಕ್ಕೆ ಮಡಚಿಕೊಂಡಿತ್ತು. "ಹನ್ನೆರಡು ಬೇಕು! ಎಲ್ಲಾ ಇದೇ ಥರ. ಆ ಆಸನ ಒಂದು ಕೂದಲೆಳೆ ಕೂಡ ಆಚೀಚೆ ಆಗ್ಬಾರ್ದು."

ಟೋಪಿಗಳು ಮೇಲೆ ಹಾರಿದವು. ಗದ್ದಲ ಇಳಿದ ಮೇಲೆ ಹೋಡ್ ಯಜಮಾನನ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರೇ, ಈಗಾದ್ರೂ ನನ್ನನ್ನ ಒಂದು ಸುತ್ತು..."

ಕಾರ್ಡಿಂಗ್ಲಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಕಣ್ಣಲ್ಲಿ ನಿಜವಾದ ಮರುಕವಿತ್ತು.

"ಆಗಲ್ಲಪ್ಪಾ ಹೋಡ್. ಆಸನ ಹಿಂದೆ ಹೋಯ್ತಲ್ಲ. ನೀನು ಕೂತ್ರೆ ಮೂತಿ ಮೇಲೆದ್ದು ಮಗುಚಿಕೊಳ್ಳುತ್ತೆ. ನೀನು ತುಂಬಾ ಹಗುರ!"

ಸಂಜೆ ಹೋಡ್ ಷರಾಯಿ ಹಾಕಿಕೊಂಡು, ಸೀನುತ್ತ ಮನೆಗೆ ಬಂದ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಜೈಕಾರ ಹಾಕಿದರು. ಲವಿನಿಯಾ ಓಡಿಬಂದು ಅವನ ಕೈ ಹಿಡಿದಳು. ಅವಳ ಕೆನ್ನೆ ಕೆಂಪಗಾಗಿತ್ತು.

"ನೋಡಿದೆ ರೀ, ಎಲ್ಲಾ ನೋಡಿದೆ! ಮಹಡಿ ಕಿಟಕಿಯಿಂದ ಮೇಜಿನ ಬಟ್ಟೆ ಬೀಸಿದೆ. ನೀವು ಬಗ್ಗಿ ನೋಡಿ, ಕೈ ಬೀಸಿ, ಗಾಳೀಲಿ ಮುತ್ತು ಹಾರಿಸಿದ್ರಿ. ಮದುವೆ ಆಗಿ ಹದಿನಾರು ವರ್ಷದಲ್ಲಿ ಒಂದಿನಾದ್ರೂ ಹಾಗೆ ಮಾಡಿದ್ರಾ? ಇಡೀ ಬೀದಿ ನೋಡ್ತು. ನಂಗೆ ನಾಚಿಕೆ ಆಗೋಯ್ತು."

ಹೋಡ್ ಸುಳ್ಳು ಹೇಳಲಾರದ ಮನುಷ್ಯ. "ಅದು ನಾನಲ್ಲ ಕಣೇ. ಕರ್ನಲ್ ಬ್ಲೆನ್‌ಕೋ."

ಜೈಕಾರ ನಿಂತಿತು. ಲವಿನಿಯಾ ಮೆಲ್ಲಗೆ ಅವನ ಕೈ ಬಿಟ್ಟಳು. ಸ್ವಲ್ಪ ಹೊತ್ತು ಆಕಾಶ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಕರ್ನಲ್ಲಾ?" ಎಂದಳು, ಕೆದರಿದ್ದ ಕೂದಲನ್ನು ಸರಿಮಾಡಿಕೊಳ್ಳುತ್ತ. "ಮತ್ತೆ ಯಾವಾಗ ಹಾರ್ತಾರಂತೆ?"