ಕಾಕಾನ ದನಿ ತಗ್ಗಿದ ದಿನ

ನಮ್ಮ ಕಾಕಾನಿಗೆ ಸಿಟ್ಟು ಬರುವುದೇ ಇಲ್ಲ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ಇಂಡಿ ತಾಲೂಕಿನ ದ್ರಾಕ್ಷಿ ತೋಟದಲ್ಲಿ, ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಮನೆಯಲ್ಲಿ, ಕಾಕಾ ಮತ್ತು ಅವನ ಸಿಟ್ಟು ಒಟ್ಟಿಗೇ ಬಾಳುವೆ ಮಾಡಿಕೊಂಡಿದ್ದಾರೆ. ನಡುವೆ ಸಿಕ್ಕಿಬಿದ್ದವಳು ಅವನ ಹೆಂಡತಿ, ನಮ್ಮ ಕಾಕು.

ಇದು ಸಾಲದೆಂಬಂತೆ ಕಾಕಾ ಭಜನೆ ಬೇರೆ ಹಾಡುತ್ತಾನೆ. ಹಾಡುತ್ತಾನೆ ಅನ್ನುವುದು ಮರ್ಯಾದೆಯ ಮಾತು. ಹಾರ್ಮೋನಿಯಂ ಮುಂದೆ ಕೂತು ಬಾಯಿ ತೆರೆದರೆ ಪಕ್ಕದ ಹೊಲದ ಎತ್ತು ನಡೆಯುವುದನ್ನು ಬಿಟ್ಟು ನಿಂತುಬಿಡುತ್ತದೆ! ಒಮ್ಮೆ ಪಕ್ಕದೂರಿನ ಭಜನೆಯಲ್ಲಿ ಯಾರೋ ಪಾಪ, "ಯಜಮಾನ್ರ, ಸ್ವಲ್ಪ ಸಣ್ಣಗ ಹಾಡ್ರಿ" ಎಂದರು.

"ಸಣ್ಣಗ ಹಾಡಾಕ ನಾ ಏನ್ ಕಳ್ಳನೇನು, ತುಡುಗು ಮಾಡಾಕ ಬಂದೇನೇನು?" ಎಂದು ಕಾಕಾ ಹಾರ್ಮೋನಿಯಂ ಹೊತ್ತುಕೊಂಡು ಎದ್ದು ಬಂದ. ಮನೆಯಲ್ಲಿ ಅವನು ಶ್ರುತಿ ಹಿಡಿದನೆಂದರೆ ಕಾಕು ಎದ್ದು ಕಿಟಕಿಗಳನ್ನು ಮುಚ್ಚುತ್ತಾಳೆ. ಊರ ಮಂದಿಗೆ ಅಷ್ಟಾದರೂ ಉಪಕಾರ!

ಕಳೆದ ವರ್ಷ ಒಬ್ಬ ವ್ಯಾಪಾರಿ "ಅಫ್ಘಾನ್ ಮಾಲು ಬಂದೈತ್ರಿ, ಒಣದ್ರಾಕ್ಷಿ ರೇಟ್ ಬಿದ್ದೈತಿ" ಎಂದದ್ದೇ ತಡ, ಕಾಕಾ ಒಂದು ಇಡೀ ದೇಶದ ಮೇಲೆ ಯುದ್ಧ ಸಾರಿದ. ಮನೆಗೆ ಬಂದವನೇ ಕಾಕು ನೆನೆಹಾಕಿದ್ದ ಕಾಬೂಲಿ ಕಡಲೆಯನ್ನು ಎಮ್ಮೆಯ ಮುಂದೆ ಸುರಿದ.

"ವೈರಿಗಳ ಕಾಳು ನಮ್ಮ ಮನ್ಯಾಗ ಬ್ಯಾಡ!"

"ಅದು ಸಿಂದಗಿ ಸಂತ್ಯಾಗ ತಂದದ್ದು," ಎಂದಳು ಕಾಕು. "ಎಮ್ಮಿ ಇನ್ನೊಂದೀಟು ಕೇಳಾಕತ್ತೈತಿ, ತರ್ಲೇನು?"

ಹೀಗಿರುವಾಗ ಕೃಷಿ ಕಾಲೇಜಿನ ಹುಡುಗರು ಶೆಡ್ ನೋಡಲು ಬಂದರು. ಅವರಲ್ಲೊಬ್ಬ ಅಫ್ಘಾನ್! ಅಂದು ನಾನೂ ಅಲ್ಲೇ ಇದ್ದೆ. ಕಾಕಾ ತನ್ನ ಬಿಜಾಪುರದ ಹಿಂದಿಯಲ್ಲಿ ರೇಟಿನ ಕಥೆ ತೆಗೆದು ಅವನ ಜನ್ಮ ಜಾಲಾಡಿದ. ಹುಡುಗ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನ ಕಣ್ಣೆಲ್ಲ ತೆರೆದ ಬಾಗಿಲಿನಾಚೆ, ಪಡಸಾಲೆಯ ಹಾರ್ಮೋನಿಯಂ ಮೇಲೆ.

"ಬಾಗಿಲು ತೆರೆದೇ ಇಟ್ಟಿದ್ದೀರಲ್ಲ ಕಾಕಾ," ಎಂದ ಹಿಂದಿಯಲ್ಲಿ. "ಯಾರಾದರೂ ನೋಡಿದರೆ?"

"ನೋಡಿದ್ರ ಏನಾತು? ನೋಡ್ಲಿ!"

ಆಗ ಅವನು ಹೇಳಿದ. ಅವನ ಅಪ್ಪ ಮದುವೆ ಮನೆಗಳಲ್ಲಿ ತಬಲಾ ನುಡಿಸುವವನು. ಯುದ್ಧದ ವರ್ಷಗಳಲ್ಲಿ ಊರಾಚೆ ಬಾಂಬು ಬೀಳುತ್ತಿದ್ದರೂ ಮದುವೆ ನಿಲ್ಲಲಿಲ್ಲ, ತಬಲಾ ನಿಲ್ಲಲಿಲ್ಲ. ಈಗ ಆಳುವವರು ಮನೆ ಮನೆ ಹೊಕ್ಕು ತಬಲಾ, ಹಾರ್ಮೋನಿಯಂ ಎಲ್ಲವನ್ನೂ ಕಸಿದು, ಊರ ನಡುವೆ ರಾಶಿ ಹಾಕಿ ಸುಟ್ಟರು. ಅಪ್ಪನನ್ನು ಎದುರಿಗೆ ನಿಲ್ಲಿಸಿ ನೋಡಿಸಿದರು.

ಕಾಕಾನ ಮುಖ ಕೆಂಪೇರಿತು. "ಹಾರ್ಮೋನಿಯಂ ಪೇಟಿ ಸುಟ್ರು? ಅದೇನ್ ಅವರಪ್ಪನ ಗಂಟು ತಿಂದಿತ್ತೇನು? ಹಾಡಿಗೆ ಹೆದರೋ ಇವ್ರು ಎಂಥಾ ಗಂಡಸರಲೇ!"

ಅಂದು ಮೊದಲ ಸಲ ಕಾಕಾನ ಸಿಟ್ಟು ನನಗೂ ಹತ್ತಿತು. ಇವತ್ತಿಗೂ ಇಳಿದಿಲ್ಲ. ಅಲ್ಲಿ ಹೆಣ್ಣುಮಗಳ ಹಾಡು ಹೊಸ್ತಿಲು ದಾಟಬಾರದಂತೆ! ಕೂಸು ಮಲಗಿಸುವ ತಾಯಿ ಜೋಗುಳಕ್ಕೂ ಯಾರ ಅಪ್ಪಣೆ ಕೇಳಬೇಕು? ಥೂ, ಇವರ ಬಾಯಿಗೆ ಮಣ್ಣು ಹಾಕ!

"ನಿಮ್ಮಪ್ಪಗ ಫೋನ್ ಹಚ್ಚು," ಎಂದ ಕಾಕಾ, ಹುಡುಗನನ್ನು ಪಡಸಾಲೆಯಲ್ಲಿ ಕೂರಿಸಿ.

ಮೊಬೈಲಿನಲ್ಲಿ ಬಿಳಿ ಗಡ್ಡದ ಮುದುಕ ಕಾಣಿಸಿದ. ಕಾಕಾ ಹಾರ್ಮೋನಿಯಂ ಎಳೆದುಕೊಂಡು ಎದೆ ತುಂಬ ಉಸಿರು ತೆಗೆದುಕೊಂಡ. ಹುಡುಗ ಗಾಬರಿಯಾಗಿ ಅವನ ಕೈ ಹಿಡಿದ. "ಮೆಲ್ಲಗೆ ಕಾಕಾ. ಅಲ್ಲಿ ಪಕ್ಕದ ಮನೆಗೆ ಕೇಳಿಸಿದರೆ ಅಪ್ಪನನ್ನು ಎಳೆದುಕೊಂಡು ಹೋಗುತ್ತಾರೆ."

ಕಾಕುವೂ ಬಂದು ನನ್ನ ಪಕ್ಕ ಕೂತಳು. ಯಾರ ಮಾತಿಗೂ ತಗ್ಗಿದ ದನಿಯಲ್ಲ ಅದು! ಕಾಕಾ ಒಂದು ಗಳಿಗೆ ಹುಡುಗನನ್ನೇ ನೋಡಿದ. ಆಮೇಲೆ ಹಾಡಿದ. ಅವನಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ಕಾಕುಗೂ ಗೊತ್ತಿರಲಿಲ್ಲ. ಅಲ್ಲಿ ಮುದುಕ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸತೊಡಗಿದ. ಸದ್ದೇ ಇಲ್ಲ. ಕಾಕಾ ಆ ಬೆರಳುಗಳನ್ನೇ ನೋಡುತ್ತ ತಾಳ ಹಿಡಿದ. ಹಾಡು ಮುಗಿದಾಗ ಇಬ್ಬರೂ ಒಟ್ಟಿಗೇ ತಲೆದೂಗಿದರು.

ಫೋನ್ ಇಟ್ಟ ಮೇಲೆ ಕಾಕಾ ಹುಡುಗನ ತಲೆ ಸವರಿದ. "ತುಡುಗು ಮಾಡಿದಂಗ ಹಾಡಬೇಕಾತಲ್ಲೋ ತಮ್ಮಾ," ಎನ್ನುವಾಗ ಅವನ ಕಣ್ಣು ತುಂಬಿತ್ತು. ಮತ್ತೆ ಹಾರ್ಮೋನಿಯಂ ಮುಂದೆ ಕೂತ. "ಈಗ ನಿಮ್ಮಪ್ಪನ ಪಾಲಿಂದು ಹಾಡ್ತೇನಿ, ಕೇಳು." ಅದೇ ಭಜನೆಯನ್ನು ಗಂಟಲು ಹರಿಯುವಂತೆ ಎತ್ತಿದ.

ಕಾಕು ಎದ್ದಳು. ಬಿಸಿಲಿಗೆಂದು ಮುಚ್ಚಿದ್ದ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದು, ಬಂದು ಕೂತಳು.